ಬಟನ್ ಮಾವ ಪೊರಕೆಯನ್ನು ಪರೀಕ್ಷಿಸಿದ್ದು

ನಮ್ಮ ಬೀದಿಯಲ್ಲಿ ಯಾರ ಮನೆಯ ಕಂಪ್ಯೂಟರ್ ಮುನಿಸಿಕೊಂಡರೂ ಮೊದಲು ಕರೆ ಹೋಗುವುದು ಬಟನ್ ಮಾವನಿಗೆ. ಅವರು ಬಂದು, ಕೈ ಒರೆಸಿಕೊಂಡು, ರೋಗಿಯ ನಾಡಿ ನೋಡುವವರ ಗಾಂಭೀರ್ಯದಿಂದ ಯಂತ್ರದ ಮುಂದೆ ಕೂರುತ್ತಾರೆ. ಏನಾಯಿತು, ಯಾವಾಗ ಆಯಿತು, ಹಿಂದೆಯೂ ಹೀಗಾಗಿತ್ತೇ ಎಂದು ವಿಚಾರಿಸುತ್ತಾರೆ. ಆಮೇಲೆ ಬಟನ್ ಒತ್ತಿ ಹಿಡಿದು ಯಂತ್ರವನ್ನು ಆರಿಸುತ್ತಾರೆ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತು, ಮತ್ತೆ ಅದೇ ಬಟನ್ ಒತ್ತಿ ಹಚ್ಚುತ್ತಾರೆ. ಎಷ್ಟೋ ಸಲ ಸರಿಹೋಗುತ್ತದೆ. ಸರಿಹೋಗದಿದ್ದರೆ "ಇದು ಒಳಗಿನ ತೊಂದರೆ" ಎಂದು ಎದ್ದು ಬರುತ್ತಾರೆ. ಇದಕ್ಕಿಂತ ಹೆಚ್ಚಿನ ವಿದ್ಯೆ ಅವರಲ್ಲಿಲ್ಲವೆಂದು ಇಡೀ ಬೀದಿಗೆ ಗೊತ್ತು, ಅವರೊಬ್ಬರನ್ನು ಬಿಟ್ಟು.

ಅವರು ಬೀದಿಗೆಲ್ಲ ಮಾವನಾದ ಮೇಲೆ ಅವರ ಹೆಂಡತಿ ತಾನಾಗಿಯೇ ಅತ್ತೆಯಾದರು. ಹೊಟ್ಟೆಪಾಡಿಗೆ ಮಾವ ಪೇಟೆಯ ಚಪ್ಪಲಿ ಅಂಗಡಿಯಲ್ಲಿ ಮಾರಾಟದ ಕೆಲಸ ಮಾಡುತ್ತಾರೆ. ಗಿರಾಕಿಯ ಕಾಲಿಗೆ ಷೂ ತೊಡಿಸಿ, ಹೆಬ್ಬೆರಳಿನಿಂದ ಮೂತಿ ಅದುಮಿ, "ಎಲ್ಲಿ ಒತ್ತುತ್ತೆ ಹೇಳಿ" ಎಂದು ಕೇಳುವುದರಲ್ಲೇ ಅವರ ಅರ್ಧ ಆಯಸ್ಸು ಕಳೆದಿದೆ. ಆದರೆ ತಮಗೆ ಎಲ್ಲಿ ಒತ್ತುತ್ತದೆ ಎಂದು ಅವರು ಯಾರಿಗೂ ಹೇಳಿದವರಲ್ಲ. ಅಡುಗೆ ಹೇಗಿದೆ ಎಂದರೆ "ಚೆನ್ನಾಗಿದೆ". ಕಿಟಕಿಯ ಹೊಸ ಪರದೆ ಹೇಗಿದೆ ಎಂದರೆ "ಚೆನ್ನಾಗಿದೆ". ಹಲ್ಲು ಕಿತ್ತ ಡಾಕ್ಟರು ಹೇಗಿದೆ ಎಂದು ಕೇಳಿದಾಗಲೂ ಬಾಯಿತುಂಬ ಹತ್ತಿ ಇಟ್ಟುಕೊಂಡೇ ಅವರು ಚೆನ್ನಾಗಿದೆ ಎಂದು ತಲೆಯಾಡಿಸಿದ್ದರು.

ಇಂಥ ಮನುಷ್ಯನಿಗೆ, ತೀರಿಹೋದ ಅಕ್ಕನ ಮಗಳು ಒಂದು ದಿನ ಫೋನ್ ಮಾಡಿದಳು. ಆಕೆ ಊರಿನ ಆಚೆ ತುದಿಯ ಕಂಪನಿಯೊಂದರಲ್ಲಿ ಪ್ರೋಗ್ರಾಂ ಬರೆಯುವವಳು. ಕಂಪ್ಯೂಟರಿನಲ್ಲಿ ತುಂಬಿಕೊಂಡ ಕಸವನ್ನು ಹುಡುಕಿ ತೆಗೆಯುವ 'ಪೊರಕೆ' ಎಂಬ ಪ್ರೋಗ್ರಾಮನ್ನು ಅವಳೇ ಮುಂದೆ ನಿಂತು ಮಾಡಿಸಿದ್ದಳು. ಜನ ಅದನ್ನು ಹಾಕಿಸಿಕೊಳ್ಳುತ್ತಿದ್ದರು, ಮರುದಿನವೇ ಕಿತ್ತುಹಾಕುತ್ತಿದ್ದರು. ಏಕೆಂದು ಯಾರೂ ಹೇಳುತ್ತಿರಲಿಲ್ಲ. ಕಾರಣ ಹುಡುಕಿ, ಇಲ್ಲವೇ ಪೊರಕೆಯನ್ನು ಮೂಲೆಗಿಡಿ ಎಂದು ಮೇಲಿನವರು ಹೇಳಿಬಿಟ್ಟಿದ್ದರು.

"ಮಾವ, ಅದನ್ನ ಪರೀಕ್ಷೆ ಮಾಡೋಕೆ ನಿಮ್ಮಂಥವರೇ ಬೇಕು," ಎಂದಳು ಹುಡುಗಿ.

ಅವಳ ಮನಸ್ಸಿನಲ್ಲಿ ಇದ್ದದ್ದು ಕಂಪ್ಯೂಟರ್ ಅಷ್ಟಾಗಿ ಗೊತ್ತಿಲ್ಲದ ಸಾಮಾನ್ಯ ಮನುಷ್ಯ. ಮಾವ ಅರ್ಥಮಾಡಿಕೊಂಡದ್ದು ಬೇರೆ. ಫೋನ್ ಕಿವಿಯಲ್ಲಿರುವಾಗಲೇ ಅವರ ಬೆನ್ನು ನೆಟ್ಟಗಾಯಿತು. ಮಾಡಬೇಕಾದದ್ದನ್ನು ಅವಳು ವಿವರಿಸಿದಳು. ತಮ್ಮದೇ ಕಂಪ್ಯೂಟರನ್ನು ಹೊತ್ತು ತರಬೇಕು, ಪೊರಕೆಯನ್ನು ಉಪಯೋಗಿಸಬೇಕು, ಉಪಯೋಗಿಸುವಷ್ಟು ಹೊತ್ತೂ ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಿರಬೇಕು. ಈ ತನಕ ಬಂದವರೆಲ್ಲ ಮರ್ಯಾದೆಗೆ ಸುಮ್ಮನೆ ಹೊಗಳಿ ಹೋಗಿದ್ದಾರೆ, ಮಾವನೇ ಕೊನೆಯವರು. ಪ್ರೋಗ್ರಾಮಿನ ವಿಚಾರ ಸದ್ಯಕ್ಕೆ ಹೊರಗೆ ಯಾರಿಗೂ ಹೇಳಬಾರದು ಎಂದೂ ಸೇರಿಸಿದಳು.

ಮಾವ ಇದರಲ್ಲಿ ಕೊನೆಯ ಮಾತನ್ನು ಚಾಚೂ ತಪ್ಪದೆ ಪಾಲಿಸಿದರು. ದೊಡ್ಡ ಕಂಪನಿಯೊಂದು ತಮ್ಮನ್ನು ಪರೀಕ್ಷಕರನ್ನಾಗಿ ಕರೆದಿದೆ ಎಂದು ಮಾತ್ರ ಬೀದಿಯ ಎರಡೂ ತುದಿಗೆ ಸಾರಿದರು. ಯಾವುದರ ಪರೀಕ್ಷೆ, ಹೇಗೆ ಪರೀಕ್ಷೆ ಎಂದು ಹೆಂಡತಿ ಕೇಳಿದರೂ ತುಟಿ ಬಿಚ್ಚಲಿಲ್ಲ.

ಆದರೆ ಒಂದು ಅಳುಕಿತ್ತು. ಮನಸ್ಸಿಗೆ ಬಂದದ್ದನ್ನು ಹೇಳುವುದು ಅವರಿಗೆ ರೂಢಿಯೇ ಇರಲಿಲ್ಲ. ಅಕ್ಕನ ಮಗಳ ಎದುರು ಬಾಯಿ ಕಟ್ಟಿಹೋದರೆ ಅವಳ ಗತಿಯೇನು, ತಮ್ಮ ಮರ್ಯಾದೆಯ ಗತಿಯೇನು? ಅಭ್ಯಾಸ ಮಾಡದೆ ಗತ್ಯಂತರವಿಲ್ಲ ಎಂದು ತೀರ್ಮಾನಿಸಿ, ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಏಳುತ್ತಲೇ ಶುರುಮಾಡಿದರು.

"ಈಗ ಎದ್ದೆ. ಸೊಂಟ ಹಿಡ್ಕೊಂಡಿದೆ. ಟವೆಲ್ ಹುಡುಕ್ತಾ ಇದ್ದೀನಿ. ಟವೆಲ್ ಇಟ್ಟ ಜಾಗದಲ್ಲಿ ಇಲ್ಲ. ಈ ಮನೇಲಿ ಯಾವುದು ಇಟ್ಟ ಜಾಗದಲ್ಲಿ ಇರುತ್ತೆ."

ಅತ್ತೆ ಅಡುಗೆಮನೆಯಿಂದ ಇಣುಕಿದರು. ಗಂಡ ಕಿಟಕಿಯ ಮುಂದೆ ನಿಂತಿದ್ದರು.

"ಪರದೆ ನೋಡ್ತಾ ಇದ್ದೀನಿ. ಈ ಹಳದಿ ಬಣ್ಣ ನನಗೆ ತಂದ ದಿನದಿಂದ ಹಿಡಿಸಿಲ್ಲ. ನೋಡಿದಾಗಲೆಲ್ಲ ಕಾಮಾಲೆ ನೆನಪಾಗುತ್ತೆ."

ಆ ಪರದೆಯನ್ನು ಅತ್ತೆ ಅಂಗಡಿಯಿಂದ ಅಂಗಡಿಗೆ ಅಲೆದು ಆರಿಸಿದ್ದರು, ಮಾವ ಅದನ್ನು ಬಾಯಿತುಂಬ ಹೊಗಳಿದ್ದರು. ಆಕೆಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಮಾವನ ಅಭ್ಯಾಸ ಮಾತ್ರ ನಿಲ್ಲಲಿಲ್ಲ. ಅವರು ಹಾಲ್‌ಗೆ ಬಂದರು. ಅಲ್ಲಿ ಅತ್ತೆಯ ತಮ್ಮ ಕಾಲು ಚಾಚಿ ಕೂತು ಪೇಪರ್ ಓದುತ್ತಿದ್ದ. ಎರಡು ದಿನಕ್ಕೆಂದು ಬಂದವನು ಆಗಲೇ ಮನೆಯ ಬೆಕ್ಕಿಗೂ ರೂಢಿಯಾಗಿಬಿಟ್ಟಿದ್ದ.

"ಭಾವಮೈದುನನನ್ನ ನೋಡ್ತಾ ಇದ್ದೀನಿ. ಕೂತಿರೋದು ನನ್ನ ಕುರ್ಚಿ. ಓದ್ತಿರೋದು ನನ್ನ ಪೇಪರ್. ಯಾವಾಗ ಹೊರಡ್ತಾನೋ ದೇವರಿಗೇ ಗೊತ್ತು."

ಮಧ್ಯಾಹ್ನದೊಳಗೆ ದೇವರ ಜೊತೆ ಬೀದಿಯವರಿಗೂ ಗೊತ್ತಾಯಿತು. ಭಾವಮೈದುನ ಸೂಟ್‌ಕೇಸ್ ಎಳೆದುಕೊಂಡು ಹೋಗುವಾಗ ಅದರ ಒಂದು ಚಕ್ರ ಕಿರುಗುಟ್ಟುತ್ತಿತ್ತು. "ಆ ಚಕ್ರಕ್ಕೆ ಎಣ್ಣೆ ಬೇಕು," ಎಂದು ಮಾವ ಬಾಗಿಲಲ್ಲಿ ನಿಂತು ಪ್ರಾಮಾಣಿಕವಾಗಿ ಹೇಳಿದರು.

ಆಗ ಗೇಟಿನ ಬಳಿ ಸಿಕ್ಕವರು ಎದುರುಮನೆಯ ನಿವೃತ್ತ ಮೇಷ್ಟ್ರು. ಅವರು ಹರೆಯದಲ್ಲಿ ಕಳ್ಳನನ್ನು ಹಿಡಿದ ಕಥೆ ನಮಗೆಲ್ಲ ಬಾಯಿಪಾಠ. ಸೂಟ್‌ಕೇಸ್ ನೋಡಿದೊಡನೆ ಅವರಿಗೆ ಆ ಕಥೆ ಮತ್ತೆ ನೆನಪಾಯಿತು. ಮಾವ ಎಂದಿನಂತೆ ಕೈಕಟ್ಟಿ ಕೇಳಿದರು, ಆದರೆ ಎಂದಿನಂತೆ ಸುಮ್ಮನಿರಲಿಲ್ಲ. ಹೋದ ಸಲ ಹೇಳುವಾಗ ಕಳ್ಳ ಒಬ್ಬನೇ ಇದ್ದ, ಈಗ ಮೂವರಾಗಿದ್ದಾರೆ, ಅವನ ಕೈಯಲ್ಲಿದ್ದ ದೊಣ್ಣೆ ಕತ್ತಿಯಾಗಿದೆ, ನನಗೆ ಕಾಲು ನೋಯುತ್ತಿದೆ ಎಂದು ಒಂದೇ ಸಮನೆ ಹೇಳಿದರು. ಮೇಷ್ಟ್ರು ಮೂವರು ಕಳ್ಳರನ್ನು ಅರ್ಧ ದಾರಿಯಲ್ಲೇ ಬಿಟ್ಟು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸಂಜೆ ಅವರ ಮನೆಯಿಂದ ಅತ್ತೆಗೆ ಹೇಳಿಕಳಿಸಿದ್ದು ಇಷ್ಟೇ: ಯಾವುದಕ್ಕೂ ಒಬ್ಬ ಒಳ್ಳೆಯ ಡಾಕ್ಟರಿಗೆ ತೋರಿಸಿ.

ಡಾಕ್ಟರ ಕಡೆ ಹೋಗುವ ಮೊದಲು ಅಂಗಡಿಯ ಪ್ರಕರಣ ನಡೆಯಿತು. ಮಾರನೆಯ ದಿನ ಒಬ್ಬ ಹೆಂಗಸು ಬಂದು ಕಿಟಕಿಯಲ್ಲಿಟ್ಟ ಹೊಸ ಷೂ ಕೇಳಿದರು. ಮಾಲೀಕರು ಗಲ್ಲಾದ ಹಿಂದೆ ಕೂತು ಮುಗುಳ್ನಗುತ್ತಿದ್ದರು. ಮಾವ ಷೂ ತೊಡಿಸಿ, ಮೂತಿ ಅದುಮಿ, ನಿಧಾನವಾಗಿ ಹೇಳತೊಡಗಿದರು.

"ಇವರ ಅಂಗಾಲು ಅಗಲ. ಈ ಷೂ ಮೂತಿ ಚೂಪು. ಕಿರುಬೆರಳಿಗೆ ಬೊಬ್ಬೆ ಬರುತ್ತೆ. ಒಂದು ಸಲ ನೆನೆದರೆ ಅಟ್ಟೆ ಕಿತ್ತು ಬರುತ್ತೆ. ಮಾಲೀಕರು ಇದನ್ನೇ ಮೊದಲು ಸಾಗಹಾಕಿ ಅಂದಿದಾರೆ. ಮಾಲೀಕರ ಮುಖ ಕೆಂಪಾಗ್ತಾ ಇದೆ. ನನಗೆ ಭಯ ಆಗ್ತಾ ಇದೆ."

ಆ ಹೆಂಗಸು ಮಾಲೀಕರ ಮುಖ ನೋಡಿದರು, ಷೂ ಬಿಚ್ಚಿಟ್ಟರು, ಎದ್ದು ಹೋದರು. ಮಾಲೀಕರು ಕೂಗಾಡಲಿಲ್ಲ, ಅದೇ ಹೆಚ್ಚು ಭಯಂಕರವಾಗಿತ್ತು. ತಲೆ ಸರಿಯಾದ ಮೇಲೆ ಬನ್ನಿ, ಸರಿಯಾಗದಿದ್ದರೆ ಬರಲೇಬೇಡಿ ಎಂದು ಮೆಲುದನಿಯಲ್ಲಿ ಹೇಳಿ, ಮಾವನ ಊಟದ ಡಬ್ಬಿಯನ್ನು ತಾವೇ ತಂದು ಕೈಗಿತ್ತರು.

ಅತ್ತೆ ಗಾಬರಿಯಾದರು. ಮನೆ ನಡೆಯುತ್ತಿದ್ದದ್ದೇ ಆ ಅಂಗಡಿಯಿಂದ. ಗಂಡನನ್ನು ಆಟೋದಲ್ಲಿ ಕೂರಿಸಿ ಡಾಕ್ಟರಲ್ಲಿಗೆ ಕರೆದೊಯ್ದರು. ಡಾಕ್ಟರು ನಾಲಗೆ ಚಾಚಲು ಹೇಳಿದರು. ನಾಲಗೆ ಹೊರಗಿದ್ದಷ್ಟು ಹೊತ್ತು ಮಾತ್ರ ಅಲ್ಲಿ ಶಾಂತಿಯಿತ್ತು. ಒಳಗೆ ಹೋದ ಮರುಕ್ಷಣವೇ ಅದು, ಡಾಕ್ಟರು ನನ್ನ ಮುಖವನ್ನೇ ನೋಡದೆ ಮದ್ದು ಬರೆಯುತ್ತಿದ್ದಾರೆ, ಇವರಿಗೆ ಊಟದ ಹೊತ್ತಾಗಿದೆ ಎಂದು ವರದಿ ಒಪ್ಪಿಸಿತು. ಡಾಕ್ಟರು ಬರೆಯುವುದನ್ನು ನಿಲ್ಲಿಸಿ, ದೇಹದಲ್ಲಿ ಏನೂ ತೊಂದರೆಯಿಲ್ಲ, ಬಾಯಿಗೆ ಮಾತ್ರ ಕೆಲವು ದಿನ ಪೂರ್ತಿ ವಿಶ್ರಾಂತಿ ಬೇಕು ಎಂದರು.

ಮನೆಗೆ ಬಂದ ಮೇಲೆ ಅತ್ತೆ ಗಂಡನನ್ನು ಎದುರು ಕೂರಿಸಿಕೊಂಡರು. ಆಕೆಯ ಕಣ್ಣಲ್ಲಿ ನೀರಿತ್ತು.

"ರೀ, ನನಗೊಂದು ಮಾತು ಕೊಡಿ. ಮನಸ್ಸಲ್ಲಿ ಇರೋದು ಮನಸ್ಸಲ್ಲೇ ಇರಲಿ. ಯಾರು ಏನು ಕೇಳಿದರೂ ಚೆನ್ನಾಗಿದೆ ಅನ್ನಿ. ಮೊದಲು ಹಾಗೇ ಇದ್ರಲ್ಲ."

ಮಾವ ಮಾತು ಕೊಟ್ಟರು. ಕೊಡದೆ ಏನು ಮಾಡಿಯಾರು? ಹೆಂಡತಿ ಅಳುವುದನ್ನು ನೋಡುವ ಶಕ್ತಿ ಅವರಿಗಿರಲಿಲ್ಲ. ಹೀಗೆ, ಕಷ್ಟಪಟ್ಟು ಕಲಿತ ವಿದ್ಯೆಯನ್ನು ಪರೀಕ್ಷೆಯ ಹಿಂದಿನ ದಿನ ಅವರು ಬಿಟ್ಟುಕೊಟ್ಟರು.

ಪರೀಕ್ಷೆಗೆ ಅತ್ತೆಯೂ ಜೊತೆಯಲ್ಲಿ ಹೊರಟರು, ಕಾವಲಿಗೆ. ಮಾವ ತಮ್ಮ ಹಳೆಯ ಲ್ಯಾಪ್‌ಟಾಪನ್ನು ಎಳೆಗೂಸಿನ ಹಾಗೆ ಟವೆಲಿನಲ್ಲಿ ಸುತ್ತಿಕೊಂಡಿದ್ದರು. ಕಂಪನಿಯ ಕೋಣೆ ಚಿಕ್ಕದು. ಒಂದು ಮೇಜು, ಎರಡು ಕುರ್ಚಿ, ಮೂಲೆಯಲ್ಲಿ ಒಂದು ಕ್ಯಾಮೆರಾ, ಗೋಡೆಯಲ್ಲೊಂದು ದೊಡ್ಡ ಗಾಜು. ಆ ಗಾಜಿನ ಹಿಂದಿನ ಕತ್ತಲೆ ಕೋಣೆಯಿಂದ ಇತ್ತಲಿನದೆಲ್ಲ ಕಾಣುತ್ತದೆ, ಕೇಳುತ್ತದೆ. ಅಲ್ಲಿ ಅಕ್ಕನ ಮಗಳು, ಅವಳ ಮೇಲಿನವರೊಬ್ಬರು, ಮತ್ತು ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡ ಅತ್ತೆ ಕೂತರು. ಮಾವನ ಪಕ್ಕದಲ್ಲಿ ಕೂತವರು ಪರೀಕ್ಷೆ ನಡೆಸುವ ಮೇಡಂ. ಬಹಳ ತಾಳ್ಮೆಯ ಹೆಂಗಸು.

"ಇದು ನಿಮ್ಮ ಪರೀಕ್ಷೆ ಅಲ್ಲ ಸಾರ್, ಪ್ರೋಗ್ರಾಂದು," ಎಂದರು ಮೇಡಂ. "ನಿಮಗೆ ಅರ್ಥ ಆಗದಿದ್ರೆ ತಪ್ಪು ನಮ್ಮದು. ಏನನ್ನಿಸುತ್ತೋ ಹೇಳ್ತಾ ಹೋಗಿ."

ಮಾವ ಗಾಜಿನ ಕಡೆ ನೋಡಿದರು. ಗಾಜಿನಲ್ಲಿ ಅವರಿಗೆ ಕಂಡದ್ದು ಅವರದೇ ಮುಖ, ಆದರೆ ಅದರ ಹಿಂದೆ ಹೆಂಡತಿ ಇದ್ದಾರೆಂದು ಗೊತ್ತಿತ್ತು.

"ಚೆನ್ನಾಗಿದೆ," ಎಂದರು.

ಲ್ಯಾಪ್‌ಟಾಪಿನ ಪರದೆಯ ಮೇಲೆ ನಗುಮುಖದ ಪೊರಕೆಯೊಂದು ಕುಣಿಯುತ್ತ ಬಂತು. ಮಾವನೂ ಮರ್ಯಾದೆಗೆ ನಕ್ಕರು. ಪೊರಕೆ ಎಡದಿಂದ ಬಲಕ್ಕೆ ಗುಡಿಸತೊಡಗಿತು, ಅದರ ಬುಡದಲ್ಲಿ ಕಡತಗಳ ಹೆಸರುಗಳು ಧೂಳಿನಂತೆ ಹಾರಿದವು. ಒಂದನ್ನು ಓದುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಹೇಗನ್ನಿಸುತ್ತಿದೆ ಎಂದು ಮೇಡಂ ಕೇಳಿದರು. ಚೆನ್ನಾಗಿದೆ. ಈಗ ಏನು ನಡೆಯುತ್ತಿದೆ ಎಂದು ತಿಳಿಯುತ್ತಿದೆಯೇ ಎಂದು ಕೇಳಿದರು. ಚೆನ್ನಾಗಿದೆ. ಮುಂದೆ ಏನು ಒತ್ತುತ್ತೀರಿ ಎಂದು ಕೇಳಿದರು. ಅದಕ್ಕೂ ಚೆನ್ನಾಗಿದೆ. ಅವರ ಹಣೆಯಿಂದ ಬೆವರು ಕೀಲಿಮಣೆಯ ಮೇಲೆ ತೊಟ್ಟಿಕ್ಕುತ್ತಿತ್ತು.

ಗಾಜಿನ ಹಿಂದೆ ಅತ್ತೆ ನೆಮ್ಮದಿಯಿಂದ ಉಸಿರುಬಿಟ್ಟರು. ಪಕ್ಕದಲ್ಲಿ ಹುಡುಗಿ ತಲೆಯ ಮೇಲೆ ಕೈಹೊತ್ತಳು. "ಮುಗೀತು ಅತ್ತೆ. ಇವರೂ ಹಾಗೇ ಅಂದರು. ಮನಸ್ಸಿಗೆ ಬಂದದ್ದನ್ನೆಲ್ಲ ಹೇಳ್ತಾ ಇರಿ ಅಂತ ಅವತ್ತು ಫೋನಲ್ಲೇ ಹೇಳಿದ್ದೆ," ಎಂದಳು. ಮಾವ ಯಾವುದಕ್ಕಾಗಿ ಬಂದಿದ್ದಾರೆ, ಈ ದಿನಗಳಲ್ಲಿ ಏನನ್ನು ಅಭ್ಯಾಸ ಮಾಡುತ್ತಿದ್ದರು ಎಂಬುದು ಅತ್ತೆಗೆ ಆಗ, ಅವಳ ಬಾಯಿಂದ, ಗೊತ್ತಾಯಿತು. ಹಳದಿ ಪರದೆ, ತಮ್ಮ, ಮೇಷ್ಟ್ರು, ಷೂ, ಡಾಕ್ಟರು ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂದು ಆಕೆ ಕೂತಲ್ಲೇ ಕಲ್ಲಾದರು.

ಅತ್ತ ಪೊರಕೆ ಗುಡಿಸಿ ಮುಗಿಸಿತ್ತು. ಪರದೆಯ ನಡುವೆ ತಟ್ಟೆಯಷ್ಟು ದೊಡ್ಡ ಹಸಿರು ಬಟನ್ ಬಂತು: ಕಸ ತೆಗೆ. ಅದರ ಪಕ್ಕದಲ್ಲಿ ಏನೋ ಬೂದು ಬಣ್ಣದ ಸಣ್ಣ ಅಕ್ಷರವಿತ್ತು. ಅದನ್ನು ಓದಲು ಮಾವನ ಕನ್ನಡಕದಿಂದಾಗಲಿಲ್ಲ. ಬಟನ್ನಿನ ಕೆಳಗೆ ಕೊನೆಯದಾಗಿ ಹಾರಿಬಂದ ಕಡತದ ಹೆಸರು ಹಾಗೆಯೇ ನಿಂತಿತ್ತು.

ಅಕ್ಕನ ದನಿ. ಬಹಳ ಕಾಲದಿಂದ ತೆರೆದಿಲ್ಲ. ಬೇಡದ್ದು.

ಮಾವನ ಕೈ ಇದ್ದಲ್ಲೇ ಇದ್ದುಬಿಟ್ಟಿತು. ಅಷ್ಟರಲ್ಲಿ ಹಸಿರು ಬಟನ್ನಿನ ಸುತ್ತ ಒಂದು ಬಿಳಿಯ ಬಳೆ ತಾನಾಗಿಯೇ ತುಂಬಿಕೊಳ್ಳತೊಡಗಿತು. ಬಳಸುವವರಿಗೆ ಒತ್ತುವ ಶ್ರಮವೂ ಬೇಡವೆಂದು, ಸ್ವಲ್ಪ ಹೊತ್ತು ಕಾದು ಪೊರಕೆ ತಾನೇ ಕಸ ತೆಗೆದುಬಿಡುವ ಏರ್ಪಾಡು ಅದು. ಬಳೆ ಅರ್ಧ ತುಂಬಿತು, ಮುಕ್ಕಾಲು ತುಂಬಿತು. ಪೊರಕೆ ನಗುತ್ತಲೇ ಇತ್ತು. ನಿಲ್ಲಿಸು ಎಂಬ ಬಟನ್ನಿಗಾಗಿ ಮಾವನ ಕಣ್ಣು ಇಡೀ ಪರದೆಯನ್ನು ತಡಕಾಡಿತು. ಎಲ್ಲೂ ಇರಲಿಲ್ಲ.

ಆಗ ಅವರು ತಮಗೆ ಗೊತ್ತಿದ್ದ ಒಂದೇ ಒಂದು ವಿದ್ಯೆಯನ್ನು ಪ್ರಯೋಗಿಸಿದರು. ಲ್ಯಾಪ್‌ಟಾಪಿನ ಮೂಲೆಯ ಬಟನ್ನಿನ ಮೇಲೆ ಹೆಬ್ಬೆರಳಿಟ್ಟು, ಷೂ ಮೂತಿ ಅದುಮುವ ಹಾಗೆ, ಬಲವಾಗಿ ಒತ್ತಿ ಹಿಡಿದರು. ಪೊರಕೆ, ನಗು, ಬಳೆ ಎಲ್ಲ ಫಕ್ಕನೆ ಆರಿಹೋಗಿ ಪರದೆ ಕಪ್ಪಾಯಿತು.

ಯಾಕೆ ಆರಿಸಿದಿರಿ ಎಂದು ಮೇಡಂ ಮೆಲ್ಲಗೆ ಕೇಳಿದರು.

"ಚೆನ್ನಾಗಿದೆ," ಎಂದರು ಮಾವ. ಅವರ ಕಣ್ಣು ತುಂಬಿತ್ತು.

ಬಾಗಿಲು ದಡಾರನೆ ತೆರೆಯಿತು. ಅತ್ತೆ ಬಂದಿದ್ದರು, ಕೈಚೀಲ ಎಲ್ಲೋ ಬಿದ್ದಿತ್ತು.

"ರೀ, ನೀವು ಕೊಟ್ಟ ಮಾತು ವಾಪಸ್ಸು ತಗೊಳ್ಳಿ. ನನಗೆ ಗೊತ್ತಿರಲಿಲ್ಲ. ಏನಾಯ್ತು ಹೇಳಿ."

ಅದುಮಿಟ್ಟ ನೀರಿಗೆ ತೂಬು ಎತ್ತಿದ ಹಾಗಾಯಿತು. ಮಾವ ಮೊದಲು ಪೊರಕೆಯ ನಗುವನ್ನೇ ಹಿಡಿದುಕೊಂಡರು. ಎದೆ ಹೊಡೆದುಕೊಳ್ಳುತ್ತಿರುವಾಗ ಎದುರು ಕೂತು ನಗುವವರು ತಮಗೆ ಹಿಡಿಸುವುದಿಲ್ಲ ಎಂದರು. ಹೆಸರುಗಳು ಓಡಿದ್ದನ್ನು, ಬೂದು ಅಕ್ಷರವನ್ನು, ನಿಲ್ಲಿಸಲು ಬಟನ್ ಇಲ್ಲದ್ದನ್ನು, ಕೇಳದೆ ತಾನೇ ತುಂಬಿಕೊಂಡ ಬಳೆಯನ್ನು ಒಂದೊಂದಾಗಿ ಬೈದರು. ಮೇಡಂ ತಲೆಯೆತ್ತದೆ ಬರೆದುಕೊಳ್ಳುತ್ತಿದ್ದರು. ಕೊನೆಗೆ ಮಾವ ಗಾಜಿನ ಕಡೆ ತಿರುಗಿ, ಕಾಣದ ಹುಡುಗಿಗೆ ಹೇಳಿದರು.

"ತೆರೆದಿಲ್ಲ ಅಂದ್ರೆ ಬೇಡ ಅಂತ ಅರ್ಥ ಏನಮ್ಮಾ? ನಿಮ್ಮಮ್ಮನ ದನಿ ಅದು. ಕೇಳಿದ್ರೆ ಅಳು ಬರುತ್ತೆ ಅಂತ ತೆರೆದಿಲ್ಲ. ಅಲ್ಲಿ ಇದೆ ಅಂತ ಗೊತ್ತಿದ್ದರೆ ಸಾಕು ನನಗೆ. ನಿನ್ನ ಪೊರಕೆ ನನ್ನನ್ನ ಒಂದು ಮಾತೂ ಕೇಳಲಿಲ್ಲ."

ಗಾಜಿನ ಹಿಂದೆ ಕುರ್ಚಿ ಸರಿದ ಸದ್ದಾಯಿತು. ಹುಡುಗಿ ಒಳಗೆ ಬಂದಳು. ಅವಳ ಹತ್ತಿರ ಅಮ್ಮನ ಫೋಟೊಗಳಿದ್ದವು, ದನಿ ಇರಲಿಲ್ಲ. ತಾನೇ ಮಾಡಿಸಿದ ಪೊರಕೆ ಇನ್ನೊಂದು ಕ್ಷಣ ಬಿಟ್ಟಿದ್ದರೆ ಅದನ್ನು ಗುಡಿಸಿ ಆಚೆ ಹಾಕುತ್ತಿತ್ತು. ಅವಳು ಮಾವನ ಪಕ್ಕದಲ್ಲಿ ನೆಲದ ಮೇಲೆಯೇ ಕೂತು, ಹಚ್ಚಿ ಮಾವ, ಕೇಳೋಣ, ಎಂದಳು.

ಮಾವ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕಾದು, ಬಟನ್ ಒತ್ತಿದರು. ಯಂತ್ರ ಎದ್ದಿತು. ಕಡತ ಇದ್ದಲ್ಲೇ ಇತ್ತು. ಹಿಂದೊಮ್ಮೆ ಅಕ್ಕ ತಾನೇ ಹೊಲಿದ ಅಂಗಿಯೊಂದನ್ನು ಕಳಿಸಿ, ಫೋನಿನಲ್ಲಿ ಬಿಟ್ಟಿದ್ದ, ಮಾವ ಆಮೇಲೆ ಯಾರಿಂದಲೋ ಕಂಪ್ಯೂಟರಿಗೆ ಹಾಕಿಸಿಟ್ಟುಕೊಂಡಿದ್ದ ಮಾತು ಅದು.

"ಲೋ ತಮ್ಮಾ, ಅಂಗಿ ಬಂತಾ? ಹಾಕ್ಕೊಂಡು ನೋಡಿದ್ಯಾ? ಚೆನ್ನಾಗಿದೆ ಅನ್ನಬೇಡ, ನೀನು ಎಲ್ಲದಕ್ಕೂ ಅದನ್ನೇ ಅಂತೀಯ. ಎಲ್ಲಿ ಬಿಗಿ ಅಂತ ಹೇಳು. ಕಂಕುಳಲ್ಲಾ, ಕತ್ತಿನ ಹತ್ತಿರಾನಾ? ಹೇಳಿದ್ರೆ ತಾನೇ ಬಿಚ್ಚಿ ಹೊಲಿಯೋಕಾಗೋದು."

ಹುಡುಗಿ ಅಳುತ್ತಲೇ ನಕ್ಕುಬಿಟ್ಟಳು. ಆಗ ಏನಂದಿರಿ ಎಂದು ಕೇಳಿದಳು. ಚೆನ್ನಾಗಿದೆ ಅಂದಿದ್ದೆ, ಕಂಕುಳಲ್ಲಿ ಬಿಗಿ ಇತ್ತು, ಎಂದರು ಮಾವ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಮೇಲಿನವರೂ ಬಾಗಿಲಿಗೆ ಬಂದು ನಿಂತಿದ್ದರು. ಅವರು, ಜನ ಯಾಕೆ ಕಿತ್ತುಹಾಕುತ್ತಿದ್ದಾರೆ ಎಂದು ಈಗ ಗೊತ್ತಾಯಿತು, ಬಿಚ್ಚಿ ಹೊಲಿಯಿರಿ, ಎಂದು ಹುಡುಗಿಗೆ ಹೇಳಿ ಹೋದರು.

ಹೊಸ ಪೊರಕೆ ಈಗ ನಮ್ಮ ಬೀದಿಯ ಎಷ್ಟೋ ಮನೆಗಳಲ್ಲಿದೆ. ಅದು ನಗುವುದಿಲ್ಲ. ಮೊದಲು ಎಲ್ಲವನ್ನೂ ದಪ್ಪಕ್ಷರದಲ್ಲಿ ತೋರಿಸುತ್ತದೆ, ತಾನಾಗಿ ಯಾವುದನ್ನೂ ಬೇಡದ್ದು ಎನ್ನುವುದಿಲ್ಲ. ಎಲ್ಲಿ ನೋಡಿದರೂ 'ನಿಲ್ಲಿಸು' ಎಂಬ ಬಟನ್ ಇದೆ. ಕಿತ್ತುಹಾಕುವವರು ಬಹಳ ಕಡಿಮೆಯಾಗಿದ್ದಾರಂತೆ. ಅದನ್ನು ಪರೀಕ್ಷಿಸಿದ್ದು ತಾವೇ ಎಂದು ಮಾವ ಹೇಳಿಕೊಂಡರೆ ಈಗ ಯಾರೂ ನಗುವುದಿಲ್ಲ, ಮೇಷ್ಟ್ರು ಕೂಡ. ಅವರ ಕಥೆಯಲ್ಲಿ ಕಳ್ಳ ಮತ್ತೆ ಒಬ್ಬನೇ ಆಗಿದ್ದಾನೆ.

ಅಂಗಡಿಯ ವಿಷಯ ಇನ್ನೊಂದು ಬಗೆ. ಎದ್ದುಹೋದ ಆ ಹೆಂಗಸು ತನ್ನ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ವಾಪಸ್ಸು ಬಂದು, ನಿಜ ಹೇಳುವವರು ಎಲ್ಲಿ, ಅವರೇ ತೋರಿಸಬೇಕು ಎಂದು ಕೂತುಬಿಟ್ಟರಂತೆ. ಮಾಲೀಕರು ತಾವೇ ಬಂದು ಮಾವನನ್ನು ಕರೆದುಕೊಂಡು ಹೋದರು. ಚೂಪು ಮೂತಿಯ ಷೂಗಳು ಕಿಟಕಿಯಿಂದ ಮಾಯವಾದವು. ಮನೆಯ ಹಳದಿ ಪರದೆಯೂ ಹೋಯಿತು. ಹೊಸದನ್ನು ಇಬ್ಬರೂ ಸೇರಿ, ಅಂಗಡಿಯಲ್ಲೇ ಚೆನ್ನಾಗಿ ಜಗಳವಾಡಿ, ತಂದರು.

ಪರದೆ ಹಾಕಿದ ದಿನ ಅತ್ತೆ ಎಂದಿನಂತೆ ಗಂಡನ ಪಕ್ಕದಲ್ಲಿ ನಿಂತು ಬಡಿಸುತ್ತಿದ್ದರು. ಮಾವ ಒಂದು ತುತ್ತು ಬಾಯಿಗಿಟ್ಟು, ಹಳೆಯ ಚಾಳಿಯಂತೆ, ಚೆನ್ನಾಗಿದೆ ಎಂದರು. ಅತ್ತೆ ಸೌಟನ್ನು ಹಿಂದಕ್ಕೆ ಎಳೆದುಕೊಂಡರು.

"ಎಲ್ಲಿ ಒತ್ತುತ್ತೆ, ಅದನ್ನ ಹೇಳಿ."

ಮಾವ ತಟ್ಟೆ ನೋಡಿದರು, ಹೆಂಡತಿಯ ಮುಖ ನೋಡಿದರು.

"ಊಟ ನಿಜವಾಗಲೂ ಚೆನ್ನಾಗಿದೆ ಕಣೇ. ಮದುವೆಯಾದಾಗಿಂದ ನೀನು ನಿಂತೇ ಇದ್ದೀಯ, ನಾನೊಬ್ಬನೇ ಕೂತು ತಿಂತೀನಿ. ಅದೊಂದು ಒತ್ತುತ್ತೆ."

ಅತ್ತೆ ಸೌಟನ್ನು ಪಾತ್ರೆಯಲ್ಲಿಟ್ಟರು. ಆಮೇಲೆ ಒಳಗೆ ಹೋಗಿ ಇನ್ನೊಂದು ತಟ್ಟೆ ತಂದರು.